ಶುಕ್ರವಾರದ ಸೂಜಿ

ಮೂವತ್ತು ಕಿಲೋ ಮಾಂಸ ಬೇಯುವ ಕೊಪ್ಪರಿಗೆಯ ಮುಂದೆ ಸೌಟು ಹಿಡಿದು ನಿಂತರೆ ಕಲ್ಸೋಮ್ ಯಾರಿಗೂ ಹೆದರುವ ಹೆಂಗಸಲ್ಲ. ಮದುವೆ ಮನೆಯ ಯಜಮಾನನನ್ನೇ "ನೀವು ಆಚೆ ಹೋಗಿ ಕೂತ್ಕೊಳ್ಳಿ, ಕಾಲಿಗೆ ಅಡ್ಡ ಬರ್ತೀರಿ" ಎಂದು ಗದರಿ ಕಳಿಸಿದವಳು. ಸೂಜಿ ಕಂಡರೆ ಮಾತ್ರ ಅವಳ ಕೈಕಾಲು ತಣ್ಣಗಾಗುತ್ತಿತ್ತು. ಹಾಗಾಗಿ ಪ್ರತಿ ಶುಕ್ರವಾರ ಮಧ್ಯಾಹ್ನ ಮಸೀದಿಯಿಂದ ಬಂದವನೇ, ತಲೆಯ ಮೇಲಿನ ಕರಿಟೋಪಿಯನ್ನೂ ತೆಗೆಯದೆ, ಅವಳ ಹೊಟ್ಟೆಗೆ ಔಷಧಿ ಚುಚ್ಚುವ ಕೆಲಸ ಗಂಡ ದಾರುಸನ ಪಾಲಿಗೆ ಬಂದಿತ್ತು.

ಅವಳು ಕುರ್ಚಿಯ ಮೇಲೆ ಕೂತು, ಅಂಗಿಯ ಅಂಚು ಎತ್ತಿ, ಮುಖವನ್ನು ಗೋಡೆಯ ಕಡೆ ತಿರುಗಿಸಿ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಳ್ಳುವಳು.

"ಆಯ್ತಾ ಬಾಂಗ್?" ಗಂಡನನ್ನು ಅವಳು ಕರೆಯುತ್ತಿದ್ದದ್ದೇ ಹಾಗೆ.

"ಇನ್ನೂ ಮುಚ್ಚಳಾನೇ ತೆಗ್ದಿಲ್ಲ ಕಣೆ."

"ಮತ್ತೆ ಯಾಕೆ ನೋವಾಯ್ತು?"

"ನನ್ನ ಉಗುರು ತಾಗಿರ್ಬೇಕು."

"ಉಗುರು ಕತ್ತರಿಸ್ಕೊಳ್ಳಿ ಅಂತ ನಿನ್ನೇನೇ ಬಡ್ಕೊಂಡೆ. ನನ್ನ ಮಾತು ಯಾವತ್ತು ಕಿವಿಗೆ ಹಾಕ್ಕೊಂಡಿದೀರಿ?"

ಅಷ್ಟು ಹೊತ್ತಿಗೆ ಪೆನ್ನಿನಂಥ ಆ ಸಾಧನ ಟಿಕ್ ಎನ್ನುತ್ತಿತ್ತು. ದಾರುಸ್ ಮನಸ್ಸಿನಲ್ಲೇ ಆರರವರೆಗೆ ಎಣಿಸಿ ಸೂಜಿ ಹೊರಕ್ಕೆ ತೆಗೆಯುತ್ತಿದ್ದ. ಇಪ್ಪತ್ತೆಂಟು ವರ್ಷ ನದಿ ದಂಡೆಯ ಕುವಾಲಾ ಕಾಂಗ್ಸಾರ್ ಊರಿನ ಶಾಲಾ ಮಕ್ಕಳ ಬಸ್ಸು ಓಡಿಸಿದ ಕೈ ಅದು, ನಡುಗುತ್ತಿರಲಿಲ್ಲ. ನಿವೃತ್ತಿಯಾದ ಮೇಲೆ ಹೆಂಡತಿಯ ಕೊಪ್ಪರಿಗೆ, ಸೌಟು, ಗ್ಯಾಸಿನ ಒಲೆಗಳನ್ನು ಹಳೆಯ ವ್ಯಾನಿನಲ್ಲಿ ಹೇರಿಕೊಂಡು ಮದುವೆ ಮನೆಯಿಂದ ಮದುವೆ ಮನೆಗೆ ಸಾಗಿಸುವುದೇ ಅವನ ಉದ್ಯೋಗವಾಗಿತ್ತು. ನದಿಯ ಎರಡೂ ದಂಡೆಯಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ಕರೆ ಬರುತ್ತಿದ್ದದ್ದು ಕಲ್ಸೋಮಳಿಗೆ. ಊರಿಗೆಲ್ಲ ಅವಳು ಯೊಂಗ್, ಹಿರಿಯಕ್ಕ.

ಈ ಸೂಜಿಯ ಸಂಗತಿ ಶುರುವಾದದ್ದೂ ಒಂದು ಮದುವೆ ಮನೆಯಲ್ಲೇ. ಹೆಂಗಸರೆಲ್ಲ ಚಾಪೆ ಹಾಸಿಕೊಂಡು ಈರುಳ್ಳಿ ಸುಲಿಯುತ್ತಿದ್ದರು. ಕಲ್ಸೋಮಳೂ ಹುಮ್ಮಸ್ಸಿನಲ್ಲಿ ಅವರ ನಡುವೆ ಕೂತುಬಿಟ್ಟಳು. ಕೂರುವುದೇನೋ ಕೂತಳು, ಏಳಲು ನೋಡಿದರೆ ಮಂಡಿಗಳೆರಡೂ ಒಪ್ಪಲಿಲ್ಲ. ಒಬ್ಬಳು ಕೈ ಹಿಡಿದೆಳೆದಳು, ಇನ್ನೊಬ್ಬಳು ಕಂಕುಳಿಗೆ ಕೈ ಕೊಟ್ಟಳು. ಕಡೆಗೆ ನಾಲ್ವರು ಸೇರಿ ಎತ್ತಬೇಕಾಯಿತು. "ತಡೀರಿ, ಕ್ರೇನ್ ತರಿಸೋಣ!" ಎಂದು ಯಾರೋ ಕೂಗಿದರು. ಚಪ್ಪರದ ತುಂಬ ನಗೆ. ಎಲ್ಲರಿಗಿಂತ ಜೋರಾಗಿ ನಕ್ಕವಳು ಕಲ್ಸೋಮಳೇ.

ಆದರೆ ವಾಪಸು ಬರುವಾಗ ವ್ಯಾನಿನಲ್ಲಿ ಅವಳು ತುಟಿ ಬಿಚ್ಚಲಿಲ್ಲ. ಮೂವತ್ತಾರು ವರ್ಷದ ಸಂಸಾರದಲ್ಲಿ ದಾರುಸ್ ಹೆಂಡತಿಯ ಬೈಗುಳ ಕೇಳಿದ್ದ, ಅಳು ಕೇಳಿದ್ದ, ಗೊರಕೆಯನ್ನಂತೂ ದಿನಾ ಕೇಳುತ್ತಿದ್ದ. ಮೌನ ಮಾತ್ರ ಅವನಿಗೆ ಹೊಸದು. ಸೇತುವೆ ದಾಟಿದ ಮೇಲೆ ಅವಳು, "ನಾಳೆ ಡಾಕ್ಟರ ಹತ್ರ ಹೋಗೋಣ" ಎಂದಳು. ಅಷ್ಟೇ.

ಡಾಕ್ಟರ್ ಅಂಬಿಗಾ ನೇರ ಮಾತಿನ ಹೆಂಗಸು. ತೂಕದ ಯಂತ್ರ ನೂರ ಆರು ಕಿಲೋ ತೋರಿಸಿತು. ಮಂಡಿಯ ಚಿತ್ರವನ್ನು ಬೆಳಕಿಗೆ ಹಿಡಿದು, "ಮೂಳೆ ಮೂಳೆ ನಡುವೆ ಇರೋ ಮೆತ್ತೆ ಸವೆದಿದೆ. ಆಪರೇಷನ್ ಮಾತು ಆಮೇಲೆ ನೋಡೋಣ. ಮೊದ್ಲು ತೂಕ ಇಳೀಬೇಕು. ನೀವು ಒಂದು ಕಿಲೋ ಇಳಿದ್ರೆ ನಡೆಯುವಾಗ ಮಂಡಿಗೆ ನಾಲ್ಕು ಕಿಲೋ ಇಳಿದ ಹಾಗೆ" ಎಂದರು. ವಾರಕ್ಕೊಂದು ಚುಚ್ಚುಮದ್ದು ಬಂದಿದೆ, ಹಸಿವನ್ನು ಕಡಿಮೆ ಮಾಡುತ್ತದೆ ಎಂದು ಅವರು ವಿವರಿಸಿದಾಗ ಕಲ್ಸೋಮ್ ಕಣ್ಣರಳಿಸಿದಳು.

"ನಾನು ಅಡುಗೆಯವಳು ಡಾಕ್ಟ್ರೇ. ನನ್ನ ಹಸಿವು ಕಿತ್ಕೊಳ್ಳೋದಂದ್ರೆ ಬಡಗಿ ಕೈಯಿಂದ ಉಳಿ ಕಿತ್ಕೊಂಡ ಹಾಗಲ್ವಾ?"

"ಉಳಿ ಅಲ್ಲೇ ಇರುತ್ತೆ. ಸ್ವಲ್ಪ ಮೊಂಡಾಗುತ್ತೆ ಅಷ್ಟೆ" ಎಂದು ಡಾಕ್ಟರ್ ನಕ್ಕರು. "ಇನ್ನೊಂದು ಮಾತು. ಸೂಜಿ ಮಾಡೋದು ಅರ್ಧ ಕೆಲಸ. ಉಳಿದರ್ಧ ನಿಮ್ಮ ಕಾಲು ಮಾಡ್ಬೇಕು." ವ್ಯಾಯಾಮ ಕಲಿಸುವವರಿಗೆಂದು ಒಂದು ಚೀಟಿಯನ್ನೂ ಬರೆದುಕೊಟ್ಟರು. ಕಲ್ಸೋಮ್ ಆ ಚೀಟಿಯನ್ನು ನಾಲ್ಕಾಗಿ ಮಡಿಸಿ ಕೈಚೀಲದ ತಳಕ್ಕೆ ಸೇರಿಸಿದಳು. ಹೊಸ ಕೊಪ್ಪರಿಗೆಗೆಂದು ಕೂಡಿಟ್ಟಿದ್ದ ಹಣ ಔಷಧಿಗೆ ಹೋಯಿತು.

ಮೊದಲ ತಿಂಗಳು ವಾಕರಿಕೆ. ಹುರಿದ ಸಿಗಡಿ ಗೊಜ್ಜಿನ ವಾಸನೆ ಬಂದರೆ ಸಾಕು, ಅದೇ ಗೊಜ್ಜಿನಿಂದ ಊರಿಗೆ ಹೆಸರಾದವಳು ಮೂಗು ಮುಚ್ಚಿಕೊಂಡು ಹಿತ್ತಿಲಿಗೆ ಓಡುತ್ತಿದ್ದಳು. ಆಮೇಲೆ ವಾಕರಿಕೆ ಇಳಿಯಿತು, ಜೊತೆಗೆ ಹಸಿವೂ ಇಳಿಯಿತು. ಐದು ತಿಂಗಳಲ್ಲಿ ಹನ್ನೊಂದು ಕಿಲೋ ಹೋಯಿತು. ಅಂಗಿಗಳು ಜೋಲಾಡತೊಡಗಿದವು. ಮಂಡಿ ನೋವು ಪೂರಾ ಹೋಗದಿದ್ದರೂ, ಬೆಳಿಗ್ಗೆ ಹಾಸಿಗೆಯಿಂದ ಏಳುವಾಗ "ಯಾ ಅಲ್ಲಾ" ಎನ್ನುವುದು ಮೂರು ಸಲದಿಂದ ಒಂದು ಸಲಕ್ಕೆ ಬಂತು.

ಎಲ್ಲರೂ ಸಂತೋಷಪಟ್ಟರು. ಪಡದವನು ದಾರುಸ್ ಒಬ್ಬನೇ. ಅದನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಲಾರ.

ಅವನು ಕಡ್ಡಿಯಂಥ ಆಳು. ಮದುವೆಯಾದಾಗಿನಿಂದ ಊರವರು "ಸೌಟೂ ಕೊಪ್ಪರಿಗೆಯೂ ಬಂದ್ವು ನೋಡ್ರಪ್ಪ" ಎಂದು ಗೇಲಿ ಮಾಡುತ್ತಿದ್ದರು. ಅವನಿಗೆ ಅದರಲ್ಲಿ ಹೆಮ್ಮೆಯೇ. ಕಲ್ಸೋಮ್ ಉಣ್ಣುವುದನ್ನು ನೋಡುವುದು ಅವನ ಬದುಕಿನ ದೊಡ್ಡ ಸುಖಗಳಲ್ಲಿ ಒಂದಾಗಿತ್ತು. ಹುಳಿ ಹಾಕಿದ ನದಿ ಮೀನಿನ ತಲೆಯನ್ನು ಕೈಯಲ್ಲಿ ಹಿಡಿದು, ಒಂದೊಂದೇ ಎಲುಬು ಬಿಡಿಸಿ ಚೀಪಿ, ನಡುವೆ ಹೂಂ ಹೂಂ ಎಂದು ತನಗೆ ತಾನೇ ತಲೆದೂಗುತ್ತ, ಕೆನ್ನೆಯ ಮೆತ್ತನೆ ಮಾಂಸ ಸಿಕ್ಕರೆ ಅದನ್ನು ಮಾತ್ರ ತಾನು ತಿನ್ನದೆ ಅವನ ತಟ್ಟೆಗೆ ಹಾಕುತ್ತಿದ್ದಳು. ಈಗ ಅವಳು ಎದುರಿಗೆ ಕೂತು ಮೂರು ತುತ್ತು ತಿಂದು ಕೈ ತೊಳೆಯುತ್ತಿದ್ದಳು. "ನೀವು ನಿಧಾನಕ್ಕೆ ತಿನ್ನಿ" ಎಂದು ಗಲ್ಲಕ್ಕೆ ಕೈಕೊಟ್ಟು ಕೂರುತ್ತಿದ್ದಳು. ಯಾರೋ ನೆಂಟರ ಮನೆಯಲ್ಲಿ ಒಬ್ಬನನ್ನೇ ಕೂರಿಸಿ ಬಡಿಸಿದ ಹಾಗೆ ದಾರುಸ್ ತಲೆ ತಗ್ಗಿಸಿ ಉಂಡು ಮುಗಿಸುತ್ತಿದ್ದ.

ಅಡುಗೆಯೂ ಹದ ತಪ್ಪತೊಡಗಿತು. ರುಚಿ ನೋಡಲು ಅವಳಿಗೆ ಮನಸ್ಸಿಲ್ಲ. "ಬಾಂಗ್, ಉಪ್ಪು ಸರಿ ಇದೆಯಾ?" ಎಂದರೆ ದಾರುಸ್ ನಾಲಗೆಗೆ ತಾಗಿಸುವ ಮೊದಲೇ "ಅಮೃತ!" ಎನ್ನುತ್ತಿದ್ದ. ಮೂವತ್ತಾರು ವರ್ಷದಿಂದ ಅವನಿಗೆ ಬಂದ ಉತ್ತರ ಅದೊಂದೇ. ಒಂದು ಮದುವೆಯಲ್ಲಿ ಇನ್ನೂರು ಜನ ಉಪ್ಪಿಲ್ಲದ ಸಾರು ಉಂಡು ಮರ್ಯಾದೆಗೆ ಸುಮ್ಮನೆ ಎದ್ದುಹೋದರು. ಕಲ್ಸೋಮಳ ತಂಗಿ ಸಬರಿಯಾಳ ಬಾಯಿಗೆ ಮಾತ್ರ ಬ್ರೇಕು ಇರಲಿಲ್ಲ. "ಯೊಂಗ್, ಇದನ್ನ ಸಾರು ಅಂತೀಯೋ, ಕೈ ತೊಳೆಯೋ ನೀರು ಅಂತೀಯೋ?" ಎಂದುಬಿಟ್ಟಳು. ಕಲ್ಸೋಮ್ ಆ ದಿನ ಪಾತ್ರೆ ತಾನೇ ತೊಳೆದಳು, ಯಾರನ್ನೂ ಹತ್ತಿರ ಬಿಡಲಿಲ್ಲ.

ಅಷ್ಟರಲ್ಲಿ ಹಲಸಿನಂಥ ಮುಳ್ಳುಹಣ್ಣು ಡೂರಿಯನ್ನಿನ ಕಾಲ ಬಂತು. ಮನೆಯ ಹಿಂದೆ ಅವಳ ಅಪ್ಪ ನೆಟ್ಟ ಮರವೊಂದಿತ್ತು. ಹಣ್ಣು ಧೊಪ್ಪೆಂದು ಬಿದ್ದ ಸದ್ದಿಗೆ ಗಂಡಹೆಂಡತಿ ಇಬ್ಬರೂ ಎದ್ದುಹೋಗಿ, ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಸಿಪ್ಪೆ ಸೀಳಿ, ಬೆರಳು ನೆಕ್ಕುತ್ತ ತಿನ್ನುವುದು ಪ್ರತಿ ವರ್ಷದ ಹಬ್ಬ. ಈ ವರ್ಷ ಮೊದಲ ಹಣ್ಣಿನಲ್ಲಿ ಅವಳು ಒಂದು ತೊಳೆ ತಿಂದು, "ಸಾಕಪ್ಪ, ಹೊಟ್ಟೆ ತುಂಬಿಹೋಯ್ತು" ಎಂದು ಒಳಗೆ ಹೋದಳು. ಉಳಿದ ತೊಳೆಗಳನ್ನು ಮಡಿಲಲ್ಲಿಟ್ಟುಕೊಂಡು ದಾರುಸ್ ಮೆಟ್ಟಿಲ ಮೇಲೆ ಒಬ್ಬನೇ ಕೂತ.

ಆ ಶುಕ್ರವಾರ ಅವನು ಸೂಜಿಯ ಮುಚ್ಚಳ ತೆಗೆಯಲಿಲ್ಲ. ಮುಚ್ಚಳದ ತುದಿಯಿಂದ ಅವಳ ಹೊಟ್ಟೆಯನ್ನು ಮೆಲ್ಲಗೆ ಒತ್ತಿ, ಆರರವರೆಗೆ ಎಣಿಸಿ, ಬಾಯಲ್ಲೇ ಟಿಕ್ ಎನಿಸಿ, "ಆಯ್ತು" ಎಂದ.

"ಇವತ್ತು ನೋವೇ ಆಗ್ಲಿಲ್ಲ! ನಿಮ್ಮ ಕೈ ಪಳಗಿಬಿಡ್ತು" ಎಂದಳು ಕಲ್ಸೋಮ್.

ಒಂದೇ ವಾರ, ಡೂರಿಯನ್ ಮುಗಿಯುವವರೆಗೆ ಮಾತ್ರ ಎಂದುಕೊಂಡಿದ್ದ. ಮುಂದಿನ ಶುಕ್ರವಾರವೂ ಹಾಗೇ ಮಾಡಿದ. ಅದಾದ ಸೋಮವಾರ ಅವಳು ಅಂಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಿಲಿಗೆ ಬಂದು, "ಇನ್ನೊಂದು ಹಣ್ಣು ಬಿದ್ದಿದೆಯಾ ಬಾಂಗ್? ಯಾಕೋ ಹೊಟ್ಟೆ ಕೇಳ್ತಾ ಇದೆ" ಎಂದಾಗ ಅವನಿಗೆ ಕುಣಿಯಬೇಕು ಅನ್ನಿಸಿತು. ಇಬ್ಬರೂ ಕೂತು ಎರಡು ಹಣ್ಣು ಮುಗಿಸಿದರು. ಮಾರನೆಯ ದಿನ ಮೀನಿನ ತಲೆ ಬಂತು. ಹೂಂ ಹೂಂ ಬಂತು. ಕೆನ್ನೆಯ ಮಾಂಸ ಅವನ ತಟ್ಟೆಗೆ ಬಂತು. ದಾರುಸ್ ಆ ವಾರ ಸ್ವರ್ಗದಲ್ಲಿದ್ದ.

ಅದೇ ಗುರುವಾರ ಡಾಕ್ಟರ ಬಳಿ ಹೋಗುವ ದಿನ. ತೂಕ ಎರಡೂವರೆ ಕಿಲೋ ಏರಿತ್ತು. ಡಾಕ್ಟರ್ ಅಂಬಿಗಾ ಹುಬ್ಬು ಗಂಟಿಕ್ಕಿ, "ಸೂಜಿ ಸರಿಯಾಗಿ ತಗೋತಿದೀರಾ?" ಎಂದು ಕೇಳಿದರು. "ತಪ್ಪದೆ" ಎಂದಳು ಕಲ್ಸೋಮ್. ದಾರುಸ್ ಗೋಡೆಯ ಮೇಲಿದ್ದ ಕಣ್ಣಿನ ಚಿತ್ರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ.

ವ್ಯಾನು ಹತ್ತಿದ ಮೇಲೆ ಕಲ್ಸೋಮ್ ತನ್ನಷ್ಟಕ್ಕೆ ಮಾತು ಶುರು ಮಾಡಿದಳು. "ನನ್ನ ಹಣೆಬರಹವೇ ಇಷ್ಟು. ಊರಿಗೆಲ್ಲ ಕೆಲಸ ಮಾಡೋ ಔಷಧಿ ನನ್ನ ಹೊಟ್ಟೇಲಿ ಕೆಲಸ ಮಾಡಲ್ಲ. ಅಲ್ಲ, ಔಷಧೀದೇನು ತಪ್ಪು? ನನ್ನ ಬಾಯಿಚಪಲ. ಡೂರಿಯನ್ ಕಂಡಿದ್ದೇ ತಡ, ಹಂದಿ ಥರ ನುಗ್ಗಿದೆ. ನಾಚಿಕೆ ಇಲ್ಲದೋಳು. ನಾಲ್ಕು ಜನ ಹಿಡಿದು ಎತ್ತಿದ್ರೂ ಬುದ್ಧಿ ಬರ್ಲಿಲ್ಲ..." ಹೇಳುತ್ತ ಹೇಳುತ್ತ ಅವಳು ತನ್ನ ಹೊಟ್ಟೆಗೆ ತಾನೇ ಪಟಪಟನೆ ಹೊಡೆದುಕೊಂಡಳು.

ದಾರುಸ್ ನದಿಯ ದಂಡೆಯ ರಸ್ತೆಯಲ್ಲಿ ವ್ಯಾನು ನಿಲ್ಲಿಸಿದ. ಎರಡೂ ಕೈ ಸ್ಟಿಯರಿಂಗಿನ ಮೇಲಿಟ್ಟು, ಎದುರಿನ ಗಾಜು ನೋಡುತ್ತಲೇ ಹೇಳಿದ:

"ಸೋಮ್, ಹೊಡ್ಕೋಬೇಡ. ತಪ್ಪು ನಿಂದಲ್ಲ. ನಾನು ಎರಡು ವಾರ ಸೂಜಿ ಚುಚ್ಚಲೇ ಇಲ್ಲ."

"ಏನಂದ್ರಿ?"

"ಮುಚ್ಚಳ ತೆಗೀದೆ ಸುಮ್ನೆ ಒತ್ತಿದೆ. ಟಿಕ್ ಅಂದಿದ್ದು ನನ್ನ ಬಾಯಿ."

ಕಲ್ಸೋಮ್ ಅವನನ್ನೇ ನೋಡಿದಳು. ಆಮೇಲೆ ಕೈಚೀಲ ಎತ್ತಿ ಅವನ ಭುಜಕ್ಕೊಂದು ಬಿಟ್ಟಳು. ಚೀಲದಲ್ಲಿ ಬೀಗದ ಕೈ ಗೊಂಚಲು, ನೀರಿನ ಬಾಟಲಿ ಎಲ್ಲ ಇದ್ದವು. ಪೆಟ್ಟು ಜೋರಾಗಿಯೇ ಬಿತ್ತು.

"ಯಾಕೆ? ನಾನೇನು ಮಾಡಿದ್ದೆ ನಿಮಗೆ?"

"ಒಬ್ಬನೇ ಉಣ್ಣಕ್ಕಾಗಲ್ಲ ಕಣೆ" ಎಂದ ದಾರುಸ್. ಅರವತ್ತನಾಲ್ಕು ವರ್ಷದ ಗಂಡಸಿನ ಬಾಯಲ್ಲಿ ಅದು ಎಷ್ಟು ಸಣ್ಣ ಮಾತಾಗಿ ಕೇಳಿಸಿತೆಂದರೆ ಅವನಿಗೇ ನಾಚಿಕೆಯಾಯಿತು. "ನೀನು ಎದುರಿಗೆ ಕೂತು ಸುಮ್ನೆ ನೋಡ್ತಿದ್ರೆ ನನಗೆ ಅನ್ನ ಇಳಿಯಲ್ಲ."

ಹೊರಗೆ ದೋಣಿಯೊಂದು ಸದ್ದು ಮಾಡುತ್ತ ಹೋಯಿತು. ಕಲ್ಸೋಮ್ ಕೈಚೀಲವನ್ನು ಮಡಿಲಿಗೆ ಎಳೆದುಕೊಂಡಳು.

"ನಿಮಗೆ ನಾನು ಉಣ್ಣಬೇಕು. ಸರಿ. ನನಗೇನು ಬೇಕು ಅಂತ ಒಂದಿನ ಕೇಳಿದ್ರಾ?"

"ಮಂಡಿ ನೋವು ಹೋಗ್ಬೇಕು, ಇನ್ನೇನು?"

"ನೋವಿದ್ರೆ ಇರ್ಲಿ, ನೋವಿನ ಜೊತೆ ಬದುಕೋದು ನಂಗೆ ಗೊತ್ತು. ಆರು ವರ್ಷ ಆಯ್ತು ಬಾಂಗ್, ನನ್ನ ಹಣೆ ನೆಲಕ್ಕೆ ತಾಗಿ. ಆರು ವರ್ಷದಿಂದ ಕುರ್ಚಿ ಮೇಲೆ ಕೂತು ನಮಾಜು ಮಾಡ್ತಿದೀನಿ. ಬಗ್ಗಿದ್ರೆ ಕಣ್ಣಿಗೆ ಬೀಳೋದು ನನ್ನ ಮಂಡಿಗಳೇ. ದೇವರಿಗೆ ಬಗ್ತಿದೀನೋ ಈ ಮಂಡಿಗೆ ಬಗ್ತಿದೀನೋ, ಒಂದೊಂದ್ಸಲ ನನಗೇ ಗೊತ್ತಾಗಲ್ಲ."

"ಕುರ್ಚಿ ಮೇಲೆ ಮಾಡಿದ್ರೂ ಸಲ್ಲುತ್ತೆ ಅಂತ ಇಮಾಮರೇ ಹೇಳಿದಾರಲ್ಲ."

"ಸಲ್ಲುತ್ತೆ. ನಾನೇನು ಇಲ್ಲ ಅಂದ್ನಾ? ಸಲ್ಲೋದು ಬೇರೆ, ಸಾಕಾಗೋದು ಬೇರೆ."

ದಿನಕ್ಕೆ ಐದು ಸಲ ಆ ಕುರ್ಚಿಯ ಪಕ್ಕದಲ್ಲೇ ಹಾದು ಹೋಗುತ್ತಿದ್ದವನು ದಾರುಸ್. ವ್ಯಾನನ್ನು ಬಂದ ದಾರಿಗೇ ತಿರುಗಿಸಿದ.

"ಎಲ್ಲಿಗೆ?"

"ಡಾಕ್ಟರ ಹತ್ರ. ನಾನೇ ಹೇಳ್ತೀನಿ."

ಹೇಳಿದ. ಬೈಸಿಕೊಂಡ. ಎರಡು ವಾರ ಬಿಟ್ಟದ್ದರಿಂದ ಔಷಧಿಯನ್ನು ಮತ್ತೆ ಸಣ್ಣ ಅಳತೆಯಿಂದ ಏರಿಸಿಕೊಂಡು ಬರಬೇಕಾಯಿತು. ಅಷ್ಟಕ್ಕೇ ಮುಗಿಯಲಿಲ್ಲ. ಅಪರಾಧಿಯಂತೆ ಕೂತಿದ್ದ ದಾರುಸನನ್ನು ನೋಡಿ ಡಾಕ್ಟರ್ ಅಂಬಿಗಾ, "ನೀವು ರಕ್ತ ಪರೀಕ್ಷೆ ಮಾಡಿಸಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದರು. ಬಸ್ಸು ಬಿಟ್ಟ ಮೇಲೆ ಮಾಡಿಸಿಯೇ ಇರಲಿಲ್ಲ. ನಾಲ್ಕು ದಿನದ ಮೇಲೆ ಬಂದ ವರದಿಯಲ್ಲಿ ಅವನಿಗೆ ಸಕ್ಕರೆ ಕಾಯಿಲೆಯಿತ್ತು, ಯಕೃತ್ತಿನಲ್ಲಿ ಕೊಬ್ಬೂ ಇದ್ದ ಹಾಗಿತ್ತು.

"ಇದು ಇವಳ ವರದಿ ಇರ್ಬೇಕು. ನಾನು ಸಣ್ಣಗಿದೀನಲ್ಲ!" ಎಂದ ದಾರುಸ್.

"ಇವರ ಸಕ್ಕರೆ ನಿಮಗಿಂತ ಚೆನ್ನಾಗಿದೆ. ಲುಂಗಿ ಮೇಲೆತ್ತಿ ನಿಮ್ಮ ತೊಡೆ ನೋಡ್ಕೊಳ್ಳಿ. ಕೊಕ್ಕರೆ ಕಾಲು. ತಿಂದ ಸಕ್ಕರೆನ ಸುಡೋಕೆ ಸ್ನಾಯುವೇ ಇಲ್ವಲ್ಲ. ದಿನಕ್ಕೆ ಎಷ್ಟು ಲೋಟ ಟೀ?"

"ಮೂರು."

"ಆರು" ಎಂದಳು ಕಲ್ಸೋಮ್. "ಒಂದೊಂದಕ್ಕೂ ಮೂರು ಚಮಚ ಡಬ್ಬದ ಸಿಹಿ ಮಂದಹಾಲು." ಅವಳ ಮುಖದಲ್ಲಿ ಐದು ತಿಂಗಳಿಂದ ಕಾಣದ ಕಳೆ ಬಂದಿತ್ತು. ಕೈಚೀಲದ ತಳದಿಂದ ನಾಲ್ಕು ಮಡಿಕೆಯ ಚೀಟಿ ಹೊರತೆಗೆದು ಮೇಜಿನ ಮೇಲಿಟ್ಟಳು. "ಡಾಕ್ಟ್ರೇ, ಇದರಲ್ಲಿ ಇವರ ಹೆಸರೂ ಸೇರಿಸಿ. ಇವರಿಗೆ ನಾನು ಕೊಡೋ ಶಿಕ್ಷೆ ಇದು. ನಾನೇನು ಮಾಡ್ತೀನೋ ಅದನ್ನೆಲ್ಲ ಇವರೂ ಮಾಡ್ಬೇಕು."

ವ್ಯಾಯಾಮ ಕಲಿಸುವವಳು ಸಿಯು ಫೊಂಗ್ ಎಂಬ ಚೀನಿ ಹುಡುಗಿ. ಹಕ್ಕಿಯಷ್ಟು ಹಗುರ, ದನಿ ಮಾತ್ರ ಪೊಲೀಸಿನದು. ತೋಳಿಲ್ಲದ ಕುರ್ಚಿಯಲ್ಲಿ ಇಬ್ಬರನ್ನೂ ಕೂರಿಸಿ, ಕೈ ಎದೆಗೆ ಕಟ್ಟಿಸಿ, ಅರ್ಧ ನಿಮಿಷದಲ್ಲಿ ಎಷ್ಟು ಸಲ ಎದ್ದು ಕೂರುತ್ತೀರಿ ನೋಡೋಣ ಎಂದಳು. ಕಲ್ಸೋಮ್ ಐದು ಸಲ ಎದ್ದಳು. ದಾರುಸ್ ಮೊದಲು ಚಕಚಕ ಎದ್ದು, ಎಂಟಕ್ಕೆ ಏದುಸಿರು ಬಿಟ್ಟು ಕುಸಿದ.

"ಮಕ್ಚಿಕ್" ಎಂದು ಚಿಕ್ಕಮ್ಮನನ್ನು ಕರೆದಂತೆ ಕರೆದು ಫೊಂಗ್ ಹೇಳಿದಳು, "ತೂಕ ಇಳಿದಿದೆ, ಒಳ್ಳೇದು. ಆದ್ರೆ ಸುಮ್ನೆ ಕೂತು ತೂಕ ಇಳಿಸಿದ್ರೆ ಕೊಬ್ಬು ಒಂದೇ ಹೋಗಲ್ಲ, ಕಾಲಿನ ಬಲಾನೂ ಜೊತೇಲಿ ಹೋಗುತ್ತೆ. ಮಂಡೀನ ಹಿಡಿದು ನಿಲ್ಲಿಸೋದು ತೊಡೆ. ಅದನ್ನ ನಾವು ವಾಪಸ್ ಕಟ್ಟೋಣ. ಉಣ್ಣುವಾಗ ಮೊದ್ಲು ಮೀನು, ಮೊಟ್ಟೆ, ಆಮೇಲೆ ಜಾಗ ಇದ್ರೆ ಅನ್ನ."

"ನೋವಾದ್ರೆ?"

"ಹತ್ತರಲ್ಲಿ ನಾಲ್ಕರಷ್ಟು ನೋವಾದ್ರೆ ಮಾಡ್ತಾ ಇರಿ. ಮಾರನೇ ದಿನಕ್ಕೆ ಇಳಿದ್ರೆ ಭಯ ಇಲ್ಲ. ಇಳೀಲಿಲ್ಲ ಅಂದ್ರೆ ನಂಗೆ ಫೋನ್ ಮಾಡಿ."

"ನಂಗೆ ಒಂಬತ್ತರಷ್ಟು ನೋವಿದೆ" ಎಂದ ದಾರುಸ್.

"ಪಾಕ್ಚಿಕ್, ನಿಮ್ಮನ್ನ ಯಾರೂ ಕೇಳ್ಲಿಲ್ಲ."

ಹೀಗೆ ಮನೆಯ ಜಗಲಿಯಲ್ಲಿ ದಿನಾ ಸಂಜೆ ಎರಡು ಕುರ್ಚಿ ಬಂದವು. ಎದ್ದು ಕೂರುವುದು, ಮೆಟ್ಟಿಲು ಹತ್ತಿ ಇಳಿಯುವುದು, ರಬ್ಬರ್ ಪಟ್ಟಿಯನ್ನು ಕಾಲಿಗೆ ಸಿಕ್ಕಿಸಿ ಎಳೆಯುವುದು. ಮೊದಲ ವಾರ ಕಲ್ಸೋಮಳ ಕಣ್ಣಲ್ಲಿ ನೀರು ಬಂತು. ನಿಲ್ಲಿಸಿಬಿಡೋಣ ಎಂದು ಹೇಳಲು ದಾರುಸ್ ಬಾಯಿ ತೆರೆದ. ಆದರೆ ಅವನಿಗೆ ಕುರ್ಚಿಯ ಮೇಲಿನ ನಮಾಜು ನೆನಪಾಯಿತು. "ಆರು" ಎಂದ. "ಏಳು. ಇನ್ನೊಂದು, ಸೋಮ್." ಎಣಿಕೆ ಅವನದು. ಅವಳು ಸೋತಾಗ ಏಳನ್ನು ಎರಡು ಸಲ ಎಣಿಸಿ ಮೋಸ ಮಾಡುತ್ತಿದ್ದ. ತಾನು ಸೋತಾಗ ಆರರಿಂದ ಎಂಟಕ್ಕೆ ಹಾರುತ್ತಿದ್ದ. ಅವಳಿಗೆ ಎರಡೂ ತಿಳಿಯುತ್ತಿತ್ತು.

ಬೇಲಿಯಾಚೆಯಿಂದ ಸಬರಿಯಾ, "ಏನ್ ಭಾವ, ಈ ವಯಸ್ಸಲ್ಲಿ ಸೈನ್ಯಕ್ಕೆ ಸೇರ್ತೀರಾ?" ಎಂದು ಕೂಗುವಳು.

"ನಿನ್ನಕ್ಕ ಜನರಲ್ಲು, ನಾನು ಸಿಪಾಯಿ" ಎಂದು ಇವನು ಕೂಗುವನು.

ಅದೇ ಸಬರಿಯಾಳನ್ನು ಕಲ್ಸೋಮ್ ಅಡುಗೆಗೂ ಕರೆದುಕೊಂಡಳು. "ನನ್ನ ಗಂಡನ ನಾಲಗೆಗೆ ಹೆಂಡತಿ ಮೇಲಿನ ಪ್ರೀತಿ ಮೆತ್ಕೊಂಡಿದೆ, ಉಪ್ಪು ತಿಳಿಯಲ್ಲ. ನಿನಗೆ ನನ್ನ ಮೇಲೆ ಒಂದು ಚೂರೂ ದಾಕ್ಷಿಣ್ಯ ಇಲ್ಲ. ನೀನೇ ರುಚಿ ನೋಡು" ಎಂದಳು. ಸಬರಿಯಾ ಸೌಟು ನೆಕ್ಕಿ "ಹುಳಿ ಸಾಲದು," "ಕಾಯಿ ಇನ್ನೂ ಹುರೀಬೇಕಿತ್ತು, ಅವಸರದವಳೇ" ಎಂದು ಬಯ್ಯುತ್ತ ಹೋದಳು, ಅಡುಗೆ ಹದಕ್ಕೆ ಬರುತ್ತ ಹೋಯಿತು.

ಉಣ್ಣುವ ವಿಷಯ ತಾನಾಗಿಯೇ ಒಂದು ದಾರಿಗೆ ಬಂತು. ಕಲ್ಸೋಮ್ ಉಣ್ಣುವುದು ಈಗಲೂ ಸ್ವಲ್ಪವೇ. ಆದರೆ ಕೈ ತೊಳೆದು ಕೂರುತ್ತಿರಲಿಲ್ಲ. ಒಂದು ಮೊಟ್ಟೆಯನ್ನೋ ಮೀನಿನ ತುಂಡನ್ನೋ ಮುಂದಿಟ್ಟುಕೊಂಡು, ದಾರುಸನ ತಟ್ಟೆ ಮುಗಿಯುವವರೆಗೂ ಅದನ್ನೇ ಚಿವುಟಿ ಚಿವುಟಿ ತಿನ್ನುತ್ತ ಊರ ಸುದ್ದಿ ಹೇಳುತ್ತಿದ್ದಳು. ಅವನ ತಟ್ಟೆಯಲ್ಲೂ ಅನ್ನದ ಗುಡ್ಡ ಕರಗಿತ್ತು. ಟೀಗೆ ಮಂದಹಾಲು ನಿಂತಿತ್ತು. ಕರಿ ಟೀ ಕುಡಿಯುವಾಗ ಅವನು ಮಾಡುವ ಮುಖ ನೋಡಿ ಅವಳು ದಿನಾ ನಗುತ್ತಿದ್ದಳು.

ನಾಲ್ಕು ತಿಂಗಳಾದ ಮೇಲೆ ಫೊಂಗ್ ನೆಲಕ್ಕೆ ಇಳಿಯುವುದನ್ನು ಕಲಿಸತೊಡಗಿದಳು. ಕುರ್ಚಿ ಹಿಡಿದು, ಒಂದು ಕಾಲು ಹಿಂದಕ್ಕಿಟ್ಟು, ಮಂಡಿಯ ಕೆಳಗೆ ಮೊದಲು ಮೂರು ದಿಂಬು, ಆಮೇಲೆ ಎರಡು, ಆಮೇಲೆ ಒಂದು. ಮನೆಯಲ್ಲಿ ಇದನ್ನು ಮಾಡುವಾಗ ಮಾತ್ರ ಕಲ್ಸೋಮ್ ದಾರುಸನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಒಂದು ದಿನ ಬೆಳಗಿನ ಜಾವ ಜೋರು ಮಳೆ. ಮಸೀದಿಗೆ ಹೋಗಲಾರದೆ ದಾರುಸ್ ಮನೆಯಲ್ಲೇ ನಮಾಜಿನ ಚಾಪೆ ಹಾಸಿದ. ಎಂದಿನಂತೆ ಅವನು ಮುಂದೆ, ಅವಳು ಬಿಳಿಯ ಮುಸುಕು ಹೊದ್ದು ಹಿಂದೆ, ಕುರ್ಚಿಯಲ್ಲಿ. ಅವನು ಪಠಣ ಆರಂಭಿಸಿದ. ಬಾಗಿ ನಿಂತು, ನೆಲಕ್ಕೆ ಇಳಿಯುವ ಹೊತ್ತಿಗೆ ಬೆನ್ನ ಹಿಂದೆ ಕುರ್ಚಿಯ ಕಾಲು ಸರಿದ ಸದ್ದು ಕೇಳಿಸಿತು. ಮಂಡಿಯೊಂದು ಲಟಕ್ಕೆಂದಿತು. ಅಂಗೈ ನೆಲಕ್ಕೆ ಪಟ್ಟೆಂದು ಬಡಿಯಿತು.

ನಮಾಜಿನ ನಡುವೆ ತಿರುಗಿ ನೋಡುವ ಹಾಗಿಲ್ಲ. ದಾರುಸ್ ಹಣೆಯನ್ನು ಚಾಪೆಗೆ ಒತ್ತಿ ಕಿವಿ ನಿಮಿರಿಸಿದ. ಬಿದ್ದಳೋ? ಇಳಿದಳೋ? ಆಮೇಲೆ ಬಹಳ ಹತ್ತಿರದಲ್ಲಿ, ನೆಲದ ಮಟ್ಟದಿಂದ, ಅವಳ ಉಸಿರು ಕೇಳಿಸಿತು. ಅದರ ಜೊತೆ ಪಿಸುಮಾತಿನ ಸ್ತುತಿ. ಆ ಪಿಸುದನಿ ಆರು ವರ್ಷದಿಂದ ಅವನ ತಲೆಯ ಮೇಲಿನಿಂದ ಬರುತ್ತಿತ್ತು. ಈಗ ಅವನ ಪಾದದ ಬಳಿಯಿಂದ ಬಂತು. ಅವನು ತಲೆ ಎತ್ತಲಿಲ್ಲ. ಮೂರು ಸಲ ಹೇಳಬೇಕಾದದ್ದನ್ನು ಒಂಬತ್ತು ಸಲ ಹೇಳಿದ. ಅವಳಿಗೆ ಹೊತ್ತು ಬೇಕು ಎಂದು ಹಾಗೆ ಮಾಡಿದ; ಚಾಪೆ ಒದ್ದೆಯಾಗುತ್ತಿದ್ದುದು ಯಾರಿಗೂ ಕಾಣದಿರಲಿ ಎಂದೂ ಇರಬಹುದು.

ಕಷ್ಟವಿದ್ದದ್ದು ನಮಾಜಿನ ಎರಡನೆಯ ಸುತ್ತಿಗೆ ಎದ್ದು ನಿಲ್ಲುವುದು. ಅವನು ಎದ್ದು ನಿಂತು ಕಾದ. ಕುರ್ಚಿ ಕಿರುಗುಟ್ಟಿತು. ಒಂದು ನರಳಿಕೆ. ನಿಶ್ಶಬ್ದ. ಮಳೆಯೊಂದೇ ಸದ್ದು. ಮನಸ್ಸಿನಲ್ಲಿ ಅವನು ಪ್ರಾರ್ಥನೆಯ ಸಾಲುಗಳ ಬದಲು "ಏಳು, ಎಂಟು, ಇನ್ನೊಂದು, ಸೋಮ್" ಎನ್ನುತ್ತಿದ್ದ, ದೇವರು ಕ್ಷಮಿಸಲಿ. ಆಮೇಲೆ ಬಟ್ಟೆ ಸರಸರನೆ ಮೇಲೇರಿದ ಸದ್ದು ಕೇಳಿಸಿತು. ಅವನು ಪಠಣ ಮುಂದುವರಿಸಿದ.

ಕೊನೆಯಲ್ಲಿ ಬಲಕ್ಕೊಮ್ಮೆ ಎಡಕ್ಕೊಮ್ಮೆ ಸಲಾಮು ಹೇಳಿ ಮುಗಿಸಿ ತಿರುಗಿದ. ಕಲ್ಸೋಮ್ ನೆಲದ ಮೇಲೆ ಕಾಲು ಒಂದು ಕಡೆಗೆ ಚಾಚಿ ಕೂತಿದ್ದಳು. ಹಣೆಯ ಮೇಲೆ ಚಾಪೆಯ ನೂಲಿನ ಗುರುತು ಮೂಡಿತ್ತು. ಮುಖ ಪೂರಾ ಒದ್ದೆ.

"ಅಷ್ಟು ಹೊತ್ತು ತಲೆ ಇಟ್ಕೊಂಡು ಏನ್ ಮಾಡ್ತಿದ್ರಿ ಬಾಂಗ್? ನಿದ್ದೆ ಬಂತಾ?" ಎಂದಳು.

"ಹೂಂ, ಸ್ವಲ್ಪ" ಎಂದ ದಾರುಸ್.

ನಮಾಜು ಮುಗಿದ ಮೇಲಿನ ವಾಡಿಕೆಯಂತೆ ಅವಳು ಮುಂದೆ ಬಾಗಿ ಅವನ ಕೈ ಹಿಡಿದು ಮೂಗಿಗೆ ತಾಗಿಸಿಕೊಂಡಳು. ಅವನು ಆ ಕೈಯನ್ನು ಬೇಗ ಬಿಡಿಸಿಕೊಳ್ಳಲಿಲ್ಲ.

ಅಂದು ಮಧ್ಯಾಹ್ನದ ನಮಾಜಿಗೆ ಅವಳು ಮತ್ತೆ ಕುರ್ಚಿಗೇ ಹೋದಳು, ಮಂಡಿ ಊದಿಕೊಂಡಿತ್ತು. ಮಂಜುಗಡ್ಡೆ ಇಟ್ಟರು, ಮಾರನೆಯ ದಿನ ಇಳಿಯಿತು. ಬೆಳಗಿನ ಒಂದು ನಮಾಜು ನೆಲದ ಮೇಲೆ, ಉಳಿದ ನಾಲ್ಕು ಕುರ್ಚಿಯ ಮೇಲೆ ಎಂದು ಅವಳೇ ಒಪ್ಪಂದ ಮಾಡಿಕೊಂಡಳು. ಬಲ ಮಂಡಿಗೆ ಎಂದಾದರೂ ಆಪರೇಷನ್ ಬೇಕಾಗಬಹುದು ಎಂದು ಡಾಕ್ಟರ್ ಅಂಬಿಗಾ ಮುಚ್ಚಿಡದೆ ಹೇಳಿದರು. ಈಗಂತೂ ಅವಸರವಿಲ್ಲ. ತೂಕ ಎಂಬತ್ತೊಂಬತ್ತಕ್ಕೆ ಬಂದು ನಿಂತಿತ್ತು. ದಾರುಸನ ಸಕ್ಕರೆ ಒಂದೇ ಮಾತ್ರೆಗೆ ಹದ್ದುಬಸ್ತಿಗೆ ಬಂದಿತ್ತು, ಮತ್ತು ಅವನ ತೊಡೆಗೆ ತೊಡೆ ಎನ್ನಬಹುದಾದ ಆಕಾರ ಬಂದಿತ್ತು. ಅದನ್ನು ಅವನು ಕೇಳಿದವರಿಗೂ ಕೇಳದವರಿಗೂ ಲುಂಗಿ ಎತ್ತಿ ತೋರಿಸತೊಡಗಿದ್ದ.

ಮದುವೆಗಳಿಲ್ಲದ ಒಂದು ಭಾನುವಾರ ಇಬ್ಬರೂ ತೈಪಿಂಗಿನ ಕೆರೆ ತೋಟಕ್ಕೆ ಹೋದರು. ಮದುವೆಯಾದ ಹೊಸತರಲ್ಲಿ ಒಮ್ಮೆ ಆ ಕೆರೆಯ ಸುತ್ತ ನಡೆದಿದ್ದರು. ಹಳೆಯ ಮರಗಳು ರಸ್ತೆ ದಾಟಿ ನೀರಿನವರೆಗೂ ಕೈ ಚಾಚಿ ಬಾಗಿದ್ದವು. ಕಲ್ಸೋಮ್ ಹೊಸ ಬೂಟು ಹಾಕಿದ್ದಳು, ನೇರಳೆ ಬಣ್ಣದ್ದು. ಪೂರ್ತಿ ಒಂದು ಸುತ್ತು ಹಾಕಿಯೇ ಸಿದ್ಧ ಎಂದು ಹೊರಟವಳು, ಓಡುವ ಹುಡುಗರಿಗೆ ದಾರಿ ಬಿಡದೆ, ಎದುರು ಬಂದ ಹೆಂಗಸರಿಗೆಲ್ಲ ಸಲಾಮು ಹೇಳುತ್ತ ಅರ್ಧ ದಾರಿ ನಡೆದಳು. ಅಲ್ಲೊಂದು ಕಲ್ಲುಬೆಂಚು ಕಂಡಿತು. ಕೂತಳು.

"ಏಳು, ಇನ್ನರ್ಧ ಇದೆ" ಎಂದ ದಾರುಸ್.

"ನನ್ನ ಅರ್ಧ ನಾನು ಮುಗಿಸ್ದೆ. ಉಳಿದರ್ಧ ನಿಮ್ದು. ಹೋಗಿ ವ್ಯಾನ್ ತಗೊಂಡ್ ಬನ್ನಿ."

"ಎಲ್ಲ ಜೊತೇಲೇ ಮಾಡ್ಬೇಕು ಅಂತ ಶಿಕ್ಷೆ ಕೊಟ್ಟೋಳು ನೀನೇ ಅಲ್ವೇನೆ?"

"ಶಿಕ್ಷೆ ಕೊಟ್ಟೋರಿಗೆ ರಜಾ ತಗೊಳ್ಳೋ ಹಕ್ಕಿದೆ. ಬೇಗ ಹೋಗಿ, ಬಿಸಿಲು ಏರ್ತಿದೆ. ಹಾಂ, ಬರುವಾಗ ಆ ಅಂಗಡೀಲಿ ಬೇಯಿಸಿದ ಕಡಲೆಕಾಯಿ ಸಿಗುತ್ತೆ, ಒಂದು ಪೊಟ್ಟಣ ತನ್ನಿ. ಇಬ್ಬರಿಗೂ ಒಂದೇ ಸಾಕು."

ದಾರುಸ್ ಲುಂಗಿಯ ಮೇಲೆ ಬಿಗಿದಿದ್ದ ಬೆಲ್ಟು ಸರಿಮಾಡಿಕೊಂಡು ಹೊರಟ. ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಅವಳು ಪಕ್ಕದಲ್ಲಿ ಬಂದು ಕೂತ ಯಾರೋ ಅಪರಿಚಿತ ಹೆಂಗಸಿಗೆ ಕಾಲು ಚಾಚಿ ಎತ್ತಿ, ಇಳಿಸಿ, ತೊಡೆಯ ವ್ಯಾಯಾಮ ಹೇಳಿಕೊಡುತ್ತಿದ್ದಳು. ಅವನು ಕೈ ಬೀಸಿದ. ಅವಳು ಪಾಠದಲ್ಲಿ ಮುಳುಗಿದ್ದಳು, ನೋಡಲಿಲ್ಲ. ಅವನು ಹೆಜ್ಜೆ ಚುರುಕು ಮಾಡಿದ.